ಮುಗಿದ ಧಾರಾವಾಹಿ ಮತ್ತೆ ಶುರುವಾದಾಗ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಸುದೀರ್ಘ ಪತ್ರ ತಲುಪಿತು. ತೊಂಬತ್ತರ ದಶಕದಲ್ಲಿ ಓದಲೆಂದು ಅಮೆರಿಕಕ್ಕೆ ಹೋಗಿ ಅಲ್ಲಿಯೇ ನೆಲೆಸಿದ ನೀವು, ಆ ದೇಶದವರ ಮಾತಿನ ವರಸೆಯನ್ನೂ ನಗೆಯನ್ನೂ ಕಲಿತದ್ದು ‘ಫ್ರೇಸಿಯರ್’, ‘ರೋಸಾನ್’ ಮೊದಲಾದ ಹಾಸ್ಯ ಧಾರಾವಾಹಿಗಳಿಂದ ಎಂದು ಬರೆದಿದ್ದೀರಿ. ಅವನ್ನೇ ಈಗ ಒಂದೊಂದಾಗಿ ಮತ್ತೆ ತೆರೆಗೆ ತರುತ್ತಿರುವುದು ನಿಮಗೆ ಸರಿಕಂಡಿಲ್ಲ. “ಬರೆಯುವವರಿಗೆ ಹೊಸ ಕಥೆ ಹೊಳೆಯುತ್ತಿಲ್ಲ, ಅದಕ್ಕೇ ಹಳೆಯದನ್ನು ಕೆದಕುತ್ತಿದ್ದಾರೆ, ಚೆನ್ನಾಗಿ ಮುಗಿದದ್ದನ್ನು ಅದರ ಪಾಡಿಗೆ ಬಿಡಬಾರದೇ?” ಎಂದು ಕೇಳಿದ್ದೀರಿ. ನಿಮ್ಮ ಬೇಸರದಲ್ಲಿ ಅರ್ಧ ನನ್ನದೂ ಹೌದು. ಉಳಿದರ್ಧವನ್ನು ಒಪ್ಪಲಾರೆ. ಹೀಗೆ ಮರಳಿ ಬಂದವುಗಳಲ್ಲಿ ಒಂದೆರಡು, ಮೊದಲ ಸಲ ಹೇಳಲು ಸಾಧ್ಯವೇ ಇರದಿದ್ದ ಮಾತುಗಳನ್ನು ಹೇಳಿವೆ.

ಮೊದಲಿಗೆ, ಬರಹಗಾರರ ಮೇಲೆ ನೀವು ಹೊರಿಸಿರುವ ಆರೋಪ ನ್ಯಾಯವಾದುದಲ್ಲ. ಹಳೆಯ ಧಾರಾವಾಹಿಯನ್ನು ಮತ್ತೆ ಆರಂಭಿಸುವ ತೀರ್ಮಾನ ಅವರ ಕೈಯಲ್ಲಿಲ್ಲ. ಅದು ಹಕ್ಕುಗಳ ಒಡೆತನ ಇರುವವರದು. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯನ್ನು ಪ್ರೇಕ್ಷಕರೆದುರು ಒಟ್ಟಿಗೇ ಮೂರು ಕ್ಯಾಮೆರಾಗಳನ್ನಿಟ್ಟು 35 ಎಂಎಂ ಫಿಲ್ಮ್‌ನಲ್ಲಿ ಚಿತ್ರೀಕರಿಸಿದರು. ಆ ಕಾಲದ ಎಷ್ಟೋ ಕಾರ್ಯಕ್ರಮಗಳು ನೇರ ಪ್ರಸಾರವಾಗಿ ಅಲ್ಲಿಗೇ ಮುಗಿದುಹೋದರೆ, ಇದರ ಫಿಲ್ಮ್ ಉಳಿಯಿತು, ಮರುಪ್ರಸಾರದಲ್ಲಿ ದುಡಿಯಿತು. ಅಂದಿನಿಂದ ಅರ್ಧ ಗಂಟೆಯ ನಗೆ ಒಂದು ಆಸ್ತಿ. ಒಟಿಟಿ ಬಂದ ಮೇಲೆ ಈ ಆಸ್ತಿಯ ಬೆಲೆ ಎಲ್ಲಿಗೆ ಮುಟ್ಟಿತೆಂದರೆ, ‘ದಿ ಆಫೀಸ್’ ಅನ್ನು ನೆಟ್‌ಫ್ಲಿಕ್ಸ್‌ನಿಂದ ತನ್ನ ವೇದಿಕೆಗೆ ಮರಳಿ ತರಲು ಎನ್‌ಬಿಸಿ ಯೂನಿವರ್ಸಲ್ ಐದು ವರ್ಷಕ್ಕೆ 50 ಕೋಟಿ ಡಾಲರ್ ತೆತ್ತಿತೆಂದು ವರದಿಯಾಯಿತು. ‘ಫ್ರೇಸಿಯರ್’ನ 264 ಹಳೆಯ ಕಂತುಗಳ ಒಡೆತನವಿರುವ ಸಂಸ್ಥೆಗೆ ಹತ್ತು ಹೊಸ ಕಂತುಗಳು ಹಳೆಯವುಗಳ ಜಾಹೀರಾತೂ ಹೌದು. ಬೇಸರಪಡಬೇಕಾದದ್ದು ಈ ಲೆಕ್ಕಾಚಾರದ ಬಗ್ಗೆ, ಅದರಿಂದ ಅವಕಾಶ ಕಳೆದುಕೊಳ್ಳುವ ಹೊಸಬರ ಬಗ್ಗೆ. ಅಲ್ಲಿಯವರೆಗೆ ನಾನು ನಿಮ್ಮ ಪಕ್ಷ.

ಆದರೆ ಹಣದ ಕಾರಣಕ್ಕೆ ಆರಂಭವಾದ ಕೆಲಸವೆಲ್ಲ ಟೊಳ್ಳಾಗಿರಬೇಕೆಂದೇನೂ ಇಲ್ಲ. ಈ ಬಗೆಯ ಧಾರಾವಾಹಿಯ ಜೀವಾಳ ಕಾಲ ನಿಂತಿರುವುದರಲ್ಲಿದೆ: ಏನೇ ರಾದ್ಧಾಂತವಾದರೂ ಕಂತು ಮುಗಿಯುವ ಹೊತ್ತಿಗೆ ಎಲ್ಲರೂ ಅದೇ ಸೋಫಾಕ್ಕೆ ಮರಳಿರುತ್ತಾರೆ. ಇಪ್ಪತ್ತು ವರ್ಷದ ನಂತರ ಅದೇ ಮುಖಗಳನ್ನು ಕರೆತಂದಾಗ ಕಾಲ ನಿಂತಿದೆಯೆಂದು ಯಾರೂ ನಂಬುವುದಿಲ್ಲ, ಮುಖವೇ ಹೇಳಿಬಿಡುತ್ತದೆ. ಆ ಇಪ್ಪತ್ತು ವರ್ಷಗಳನ್ನು ಕಥೆಯೊಳಕ್ಕೆ ಬಿಟ್ಟುಕೊಂಡವು ಉಳಿದವು. ಬಾಗಿಲಲ್ಲೇ ತಡೆದವು ಸೊರಗಿದವು ಎಂಬುದು ನನ್ನ ಅಭಿಪ್ರಾಯ.

‘ರೋಸಾನ್’ ಮರಳಿದ್ದನ್ನು ನೀವು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ದಯವಿಟ್ಟು ಇನ್ನೊಮ್ಮೆ ನೋಡಿ. ಇಲಿನಾಯ್ ರಾಜ್ಯದ ಒಂದು ಕಾಲ್ಪನಿಕ ಊರಿನ ದುಡಿಯುವ ಕುಟುಂಬದ ಈ ಕಥೆ 1988ರಿಂದ 1997ರವರೆಗೆ ನಡೆದು, ಗಂಡ ಡ್ಯಾನ್ ಹೃದಯಾಘಾತದಿಂದ ಆಗಲೇ ತೀರಿಕೊಂಡಿದ್ದನೆಂದು ಕೊನೆಯ ಕಂತಿನಲ್ಲಿ ತಿಳಿಸಿ ಮುಗಿದಿತ್ತು. 2018ರ ಮಾರ್ಚ್‌ನಲ್ಲಿ ಅದು ಮರಳಿದಾಗ ಮೊದಲ ದಿನವೇ 1.8 ಕೋಟಿಗೂ ಹೆಚ್ಚು ಜನ ನೋಡಿದರು. ಮೊದಲ ದೃಶ್ಯದಲ್ಲಿ ಡ್ಯಾನ್ ಉಸಿರಾಟದ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಿದ್ದಾನೆ. ಹೆಂಡತಿ ಗಾಬರಿಯಿಂದ ಕೂಗಿ ಎಬ್ಬಿಸಿ, ಸತ್ತೇಹೋಗಿದ್ದೀಯೆಂದುಕೊಂಡೆ ಎನ್ನುತ್ತಾಳೆ. ಹಳೆಯ ಮುಕ್ತಾಯವನ್ನು ಅಳಿಸಿದ್ದಷ್ಟೇ ನಿಮಗೆ ಕಂಡಿದೆ. ಅದೇ ಕಂತಿನಲ್ಲಿ ಡ್ಯಾನ್ ಔಷಧದಂಗಡಿಯಿಂದ ಬಂದು, ವಿಮೆ ಈಗ ಮೊದಲಿನಷ್ಟು ಭರಿಸುವುದಿಲ್ಲವೆಂದು ಹೇಳಿ, ಇಬ್ಬರೂ ಮಾತ್ರೆಗಳನ್ನು ಪಾಲು ಹಾಕಿಕೊಳ್ಳುವ ದೃಶ್ಯವಿದೆ. ಪ್ರೇಕ್ಷಕರು ಜೋರಾಗಿ ನಗುತ್ತಾರೆ. ವಯಸ್ಸಾದ ದಂಪತಿಯ ಅಡುಗೆಮನೆಯ ಮೇಜಿನ ಮೇಲೆ ನಡೆಯುವ ಈ ಹಂಚಿಕೆಯನ್ನು 1988ರ ಕಥೆ ಹೇಳಲಾಗುತ್ತಿರಲಿಲ್ಲ, ಏಕೆಂದರೆ ಆಗ ಅವರಿಗೆ ಆ ವಯಸ್ಸೂ ಆಗಿರಲಿಲ್ಲ, ಆ ಕಾಯಿಲೆಗಳೂ ಇರಲಿಲ್ಲ.

ಮುಂದಿನದು ನಿಮಗೆ ಗೊತ್ತಿರುವುದೇ. ನಾಯಕಿ ರೋಸಾನ್ ಬಾರ್ ಅವರು ಒಬಾಮಾ ಅವರ ಸಲಹೆಗಾರರಾಗಿದ್ದ ವ್ಯಾಲೆರಿ ಜಾರೆಟ್ ಅವರನ್ನು ಕುರಿತು ಜನಾಂಗೀಯ ನಿಂದನೆಯ ಟ್ವೀಟ್ ಮಾಡಿದರು. ಎಬಿಸಿ ವಾಹಿನಿ ಅದೇ ದಿನ, ಅಂದರೆ 2018ರ ಮೇ 29ರಂದು, ಧಾರಾವಾಹಿಯನ್ನು ರದ್ದುಗೊಳಿಸಿತು. ಅದು ಸರಿಯಾದ ನಿರ್ಧಾರವೇ ಆಗಿತ್ತು. ಅಕ್ಟೋಬರ್‌ನಲ್ಲಿ ಉಳಿದ ಕಲಾವಿದರೊಂದಿಗೆ ‘ದಿ ಕಾನರ್ಸ್’ ಎಂಬ ಹೆಸರಿನಲ್ಲಿ ಕಥೆ ಮುಂದುವರಿದಾಗ ರೋಸಾನ್ ಪಾತ್ರ ತೀರಿಕೊಂಡಿತ್ತು. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅಂಟಿಕೊಂಡ ನೋವಿನ ಮಾತ್ರೆಗಳು, ಅಂದರೆ ಒಪಿಯಾಯ್ಡ್‌ಗಳು, ಅತಿಯಾಗಿ ಸಾವು. ಮನೆಯಲ್ಲಿ ಸಿಕ್ಕ ಸೀಸೆಯ ಮೇಲಿದ್ದದ್ದು ಊರಿನ ಇನ್ನೊಬ್ಬ ಹೆಂಗಸಿನ ಹೆಸರು. ಕೆಲವೇ ತಿಂಗಳ ಹಿಂದೆ ನಗು ಹುಟ್ಟಿಸಿದ್ದ ಮಾತ್ರೆಯ ಹಂಚಿಕೆಯೇ ಈಗ ಸಾವಿಗೆ ಕಾರಣ! ಬರಹಗಾರರು ಎರಡನ್ನೂ ಮೊದಲೇ ಜೋಡಿಸಿ ಯೋಜಿಸಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಆ ಕುಟುಂಬದ ಬಡತನವನ್ನು ಅವರು ಅಷ್ಟು ನಿಜವಾಗಿ ಕಟ್ಟಿದ್ದರಿಂದ, ಅನಿವಾರ್ಯವಾಗಿ ಬಂದ ಸಾವಿಗೂ ಆ ಮನೆಯೊಳಗೇ ಕಾರಣ ಸಿಕ್ಕಿತು. 2025ರ ಏಪ್ರಿಲ್‌ನಲ್ಲಿ ಏಳನೆಯ ಸೀಸನ್ ಮುಗಿದಾಗ, ಔಷಧ ಕಂಪನಿಯ ಮೇಲೆ ದಾವೆ ಹೂಡಿದ್ದ ಡ್ಯಾನ್‌ಗೆ ಸಿಕ್ಕ ಪರಿಹಾರ 700 ಡಾಲರ್. ಹೊಸ ಕಥೆ ಹೊಳೆಯದವರು ಬರೆಯುವ ಮಾತಲ್ಲ ಇದು.

‘ಫ್ರೇಸಿಯರ್’ ವಿಷಯದಲ್ಲಿ ನಿಮ್ಮ ನಿರಾಶೆಯನ್ನು ಪೂರ್ತಿ ಒಪ್ಪುತ್ತೇನೆ, ಕಾರಣವನ್ನು ಮಾತ್ರ ಬೇರೆಯಾಗಿ ಹೇಳುತ್ತೇನೆ. 2023ರಲ್ಲಿ ಅದು ಮರಳಿದಾಗ ಯೋಚನೆ ಸೊಗಸಾಗಿಯೇ ಇತ್ತು. ಹಿಂದೆ ನಿವೃತ್ತ ಪೊಲೀಸ್ ತಂದೆ ಮಾರ್ಟಿನ್‌ನನ್ನೂ ಅವನ ಟೇಪು ಹಚ್ಚಿದ ಹಳೆಯ ಕುರ್ಚಿಯನ್ನೂ ತನ್ನ ದುಬಾರಿ ಮನೆಯಲ್ಲಿ ಸಹಿಸಿಕೊಳ್ಳುತ್ತಿದ್ದ ಫ್ರೇಸಿಯರ್, ಈಗ ತಾನೇ ತಂದೆಯಾಗಿ, ಹಾರ್ವರ್ಡ್ ಬಿಟ್ಟು ಅಗ್ನಿಶಾಮಕ ದಳ ಸೇರಿದ ಮಗನೊಡನೆ ಹೊಂದಿಕೊಳ್ಳಬೇಕು. ಮಾರ್ಟಿನ್ ಪಾತ್ರಧಾರಿ ಜಾನ್ ಮಹೋನಿ 2018ರಲ್ಲಿ ನಿಧನರಾಗಿದ್ದರು; ಫ್ರೇಸಿಯರ್‌ನ ತಮ್ಮ ನೈಲ್ಸ್ ಆಗಿ ನಟಿಸಿದ್ದ ಡೇವಿಡ್ ಹೈಡ್ ಪಿಯರ್ಸ್ ಮರಳಲು ಒಪ್ಪಲಿಲ್ಲ. ನೀವು ಎಲ್ಲ ದೋಷವನ್ನೂ ಈ ಗೈರುಹಾಜರಿಗೆ ಕಟ್ಟುತ್ತೀರಿ. ನನಗೆ ಕಾಣುವ ದೊಡ್ಡ ಕೊರತೆ ಕಂತುಗಳದ್ದು. ಹಳೆಯ ಧಾರಾವಾಹಿಯಲ್ಲಿ ನೈಲ್ಸ್, ತಂದೆಯ ಆರೈಕೆಗೆಂದು ಆ ಮನೆಯಲ್ಲಿದ್ದ ಡ್ಯಾಫ್ನಿಯ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಂಡದ್ದು 1993ರಿಂದ 2000ದವರೆಗೆ. ವರ್ಷಕ್ಕೆ ಸುಮಾರು 24 ಕಂತು ಇದ್ದುದರಿಂದಲೇ ಆ ಕಾಯುವಿಕೆ ನಮ್ಮದೂ ಆಯಿತು. ವರ್ಷಕ್ಕೆ ಹತ್ತೇ ಕಂತು ಕೊಟ್ಟು, ಎರಡು ಸೀಸನ್ನಿಗೆ ನಿಲ್ಲಿಸಿದರೆ ಯಾವ ಹೊಸ ಪಾತ್ರ ನಮ್ಮ ಮನೆಯವರಂತಾದೀತು? ಹಳೆಯ ಹೆಸರನ್ನು ತಂದವರು ಹಳೆಯ ತಾಳ್ಮೆಯನ್ನು ತರಲಿಲ್ಲ.

ನಮ್ಮಲ್ಲಿಯೂ ಹೀಗಾಗಿದೆಯೇ ಎಂದು ಕೇಳಿದ್ದೀರಿ. ಆಗಿದೆ: ಈಟಿವಿ ಕನ್ನಡದ ಕಾಲದ ‘ಪಾಪ ಪಾಂಡು’ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಚಿದಾನಂದ ಮತ್ತು ಶಾಲಿನಿ ಅವರ ಜೋಡಿಯೊಂದಿಗೇ ಮತ್ತೆ ಬಂತು. ಆದರೆ ದಿನವೂ ಪ್ರಸಾರವಾಗುವ ನಮ್ಮ ಧಾರಾವಾಹಿಗಳ ಬರವಣಿಗೆ, ಚಿತ್ರೀಕರಣದ ಒತ್ತಡಗಳೇ ಬೇರೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಕೊನೆಯದಾಗಿ, ಮಕ್ಕಳೊಡನೆ ಕುಳಿತು ನೋಡಲು ಯಾವುದಾದರೂ ಒಂದನ್ನು ಹೇಳಿ ಎಂದಿದ್ದೀರಿ. ‘ಒನ್ ಡೇ ಅಟ್ ಎ ಟೈಮ್’ ನೋಡಿ, ಹೊಸದನ್ನು. 1975ರಲ್ಲಿ ಆರಂಭವಾದ ಮೂಲದಲ್ಲಿ ಇಂಡಿಯಾನಾಪೊಲಿಸ್‌ನ ವಿಚ್ಛೇದಿತ ತಾಯಿ, ಇಬ್ಬರು ಹೆಣ್ಣುಮಕ್ಕಳು. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದರಲ್ಲಿ ಲಾಸ್ ಏಂಜಲೀಸ್‌ನ ಕ್ಯೂಬಾ ಮೂಲದ ಕುಟುಂಬ: ಸೈನ್ಯದಲ್ಲಿ ನರ್ಸ್ ಆಗಿದ್ದ ಪೆನೆಲೊಪಿ, ಅವಳ ಮಗಳು, ಮಗ, ಮತ್ತು ನಡುಮನೆಯಲ್ಲೇ ಪರದೆ ಎಳೆದು ಮಲಗುವ ಅಜ್ಜಿಯಾಗಿ ರೀಟಾ ಮೊರೆನೊ. ಹಳೆಯ ಮುಖಗಳನ್ನು ಕರೆತರದೆ ಚೌಕಟ್ಟನ್ನು ಮಾತ್ರ ಇನ್ನೊಂದು ಮನೆಗೆ ಕೊಟ್ಟಿದ್ದಾರೆ. ಮೂಲವನ್ನು ರೂಪಿಸಿದ್ದ ನಾರ್ಮನ್ ಲಿಯರ್ ಅವರೇ ತಮ್ಮ 94ನೆಯ ವಯಸ್ಸಿನಲ್ಲಿ ಇದರ ನಿರ್ಮಾಪಕರಲ್ಲೊಬ್ಬರಾಗಿದ್ದರು. ಎರಡನೆಯ ಸೀಸನ್ನಿನಲ್ಲಿ ಪೆನೆಲೊಪಿ ಖಿನ್ನತೆಯ ಮಾತ್ರೆಗಳನ್ನು ತಾನಾಗಿಯೇ ನಿಲ್ಲಿಸಿ ಕುಸಿಯುತ್ತಾಳೆ. ತನ್ನ ಬಗ್ಗೆ ತಾನೇ ಆಡಿಕೊಂಡ ಕೆಟ್ಟ ಮಾತುಗಳನ್ನು ಫೋನಿನಲ್ಲಿ ದಾಖಲಿಸಿಟ್ಟು ನಂತರ ಕೇಳಿಸಿಕೊಂಡಾಗ, ಅದು ತನ್ನದೇ ದನಿಯೆಂದು ನಂಬಲಾಗದೆ ಬೆಚ್ಚುತ್ತಾಳೆ. ಆ ಕಂತನ್ನು ದೊಡ್ಡ ಮಕ್ಕಳೊಡನೆ ನೋಡಿ, ಮುಗಿದ ಮೇಲೆ ಅವರೊಡನೆ ಮಾತಾಡಿ. ಮೂರು ಸೀಸನ್ನಿನ ನಂತರ ನೆಟ್‌ಫ್ಲಿಕ್ಸ್ ಇದನ್ನು ಕೈಬಿಟ್ಟಿತು. ಪಾಪ್ ಟಿವಿ ಎತ್ತಿಕೊಂಡ ನಾಲ್ಕನೆಯ ಸೀಸನ್ 2020ರ ಕೋವಿಡ್‌ನಿಂದಾಗಿ ಅರ್ಧಕ್ಕೇ ನಿಂತು, ಕಥೆಗೆ ಸರಿಯಾದ ಮುಕ್ತಾಯವೂ ಸಿಗಲಿಲ್ಲ. ಮತ್ತೆ ಆರಂಭಿಸಲು ಅರ್ಹವಾದ ಧಾರಾವಾಹಿ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ ಇದೊಂದನ್ನೇ ಹೇಳುತ್ತೇನೆ.

— ಸಂಪಾದಕ