ಮಗುಚದೆ ಉಳಿದ ಅಕ್ಟೋಬರ್ ಹಾಳೆ

ಕೆಲಸದ ಸಂದರ್ಶನದ ದಿನವನ್ನೇ ಮರೆತುಬಿಟ್ಟೆ, ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳುವುದು ಹೇಗೆ, ಇದಕ್ಕೆ ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದ್ದೀರಿ. 2019ರ ನವೆಂಬರ್ 4ರ ಸೋಮವಾರ ಮಧ್ಯಾಹ್ನ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ನಾನೂ ಇದನ್ನೇ ಕೇಳಿಕೊಂಡಿದ್ದೆ.

ನಾನು ಮೈಸೂರಿನಲ್ಲಿ ಪ್ರೌಢಶಾಲಾ ಶಿಕ್ಷಕ. ನಮ್ಮೂರು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ನಮ್ಮ ಗದ್ದೆಯ ಬದುವನ್ನು ಪಕ್ಕದ ಜಮೀನಿನವರು ಒತ್ತುವರಿ ಮಾಡಿದ್ದರಿಂದ ತಂದೆಯವರು ಸಿವಿಲ್ ದಾವೆ ಹೂಡಿದ್ದರು. ಸಾಕ್ಷಿಯಾಗಿ ಅವರ ಮುಖ್ಯ ಹೇಳಿಕೆ ದಾಖಲಾಗಿ, ಎದುರು ವಕೀಲರ ಪಾಟೀಸವಾಲು ಮಾತ್ರ ಬಾಕಿ ಇತ್ತು. ಒಂದು ಸಲ ಅವರಿಗೆ ಜ್ವರವೆಂದೂ ಇನ್ನೊಂದು ಸಲ ಮೂಲ ದಾಖಲೆಗಳು ಕೈಗೆ ಸಿಗಲಿಲ್ಲವೆಂದೂ ನಾವೇ ಸಮಯ ಕೇಳಿದ್ದೆವು. ಹಾಗಾಗಿ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಇದು ಕೊನೆಯ ಅವಕಾಶವೆಂದು ದಾಖಲಿಸಿ, ದಸರಾ ರಜೆಯ ನಂತರ ನವೆಂಬರ್ 4ಕ್ಕೆ ವಾಯಿದೆ ಹಾಕಿತು. ಊರಿನಿಂದ ತಂದೆಯವರನ್ನು ಕರೆತರುವುದೂ ನನ್ನ ಬೀರುವಿನಲ್ಲಿದ್ದ ಪತ್ರಗಳನ್ನು ಒಯ್ಯುವುದೂ ನನ್ನ ಹೊಣೆಯಾಗಿತ್ತು. ಅವರು ಫೋನಿನಲ್ಲಿ ಎರಡು ಸಲ ವಾಯಿದೆ ಯಾವತ್ತು ಎಂದು ಕೇಳಿದಾಗ, “ಬರೆದಿಟ್ಟಿದ್ದೀನಿ ಕಣಪ್ಪ, ನೀನು ಯೋಚನೆ ಮಾಡಬೇಡ” ಎಂದೆನೇ ಹೊರತು ತಾರೀಖನ್ನು ಬಾಯಿಬಿಟ್ಟು ಹೇಳಲಿಲ್ಲ.

ಬರೆದಿಟ್ಟಿದ್ದು ನಿಜ. ಎಲ್ಲಿ ಬರೆದಿಟ್ಟಿದ್ದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ತಪ್ಪೆಲ್ಲ ಅಲ್ಲಿಯೇ ಇದೆ. ಅಡುಗೆಮನೆಯ ಬಾಗಿಲ ಪಕ್ಕದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ನವೆಂಬರ್ ಹಾಳೆಯನ್ನು ಎತ್ತಿ, 4ರ ಮನೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ಅಪ್ಪ, ಕೋರ್ಟು’ ಎಂದು ಬರೆದಿದ್ದೆ. ಆದರೆ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆಯುವ ಪದ್ಧತಿ. ಒಂದು ಲೀಟರ್ ಬಂದ ದಿನ ಒಂದು ಗೀಟು, ಹಾಲು ಬೇಡವೆಂದ ದಿನ ಸೊನ್ನೆ. ಹಾಲಿನವರು ಮುಂದಿನ ತಿಂಗಳ 5ರ ಸುಮಾರಿಗೆ ಬಂದು ಗೀಟು ಎಣಿಸಿ ಹಣ ಪಡೆಯುವವರೆಗೆ ಹಿಂದಿನ ಹಾಳೆಯನ್ನು ಮಗುಚುತ್ತಿರಲಿಲ್ಲ. 1ನೇ ತಾರೀಖು ಶುಕ್ರವಾರ ರಾಜ್ಯೋತ್ಸವ, ಶನಿವಾರ ಅರ್ಧ ದಿನದ ಶಾಲೆ, ಭಾನುವಾರ ರಜೆ. ಈ ಮೂರು ದಿನವೂ ಕಾಫಿ ಲೋಟ ಹಿಡಿದು ಆ ಬಾಗಿಲಲ್ಲಿ ಎಷ್ಟೋ ಸಲ ಓಡಾಡಿದೆ, ಕ್ಯಾಲೆಂಡರನ್ನೂ ನೋಡಿದೆ. ನನಗೆ ಕಂಡದ್ದು ಅಕ್ಟೋಬರಿನ ಗೀಟುಗಳು. ಕೆಂಪು ಸುತ್ತು ಅದರ ಹಿಂದಿನ ಹಾಳೆಯಲ್ಲಿತ್ತು.

ಸೋಮವಾರ ಮೂರು ಪಾಠಗಳನ್ನು ಮುಗಿಸಿ ಬಂದು ಫೋನ್ ನೋಡಿದರೆ ವಕೀಲರ ಗುಮಾಸ್ತರಿಂದ ನಾಲ್ಕು ಕರೆಗಳು ಬಂದಿದ್ದವು. ವಾಪಸು ಮಾಡಿದಾಗ ಅವರು, “ಸಾರ್, ಎವಿಡೆನ್ಸ್ ಕ್ಲೋಸ್ ಮಾಡಿಬಿಟ್ರು” ಎಂದಷ್ಟೇ ಹೇಳಿದರು. ಎಂದರೆ, ನಮ್ಮ ಕಡೆಯ ಸಾಕ್ಷ್ಯ ನೀಡುವ ಅವಕಾಶ ಅಲ್ಲಿಗೆ ಮುಗಿದಿತ್ತು. ನ್ಯಾಯಾಧೀಶರದು ತಪ್ಪೇನೂ ಇರಲಿಲ್ಲ. ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶವೇ ಹೇಳುತ್ತದೆ. ಸಾಕ್ಷ್ಯವನ್ನು ಮತ್ತೆ ತೆರೆಯಲು ಅರ್ಜಿ ಹಾಕಿದೆವು. 2020ರ ಫೆಬ್ರುವರಿಯಲ್ಲಿ ಅದು 1,500 ರೂಪಾಯಿ ದಂಡದೊಂದಿಗೆ ಮಂಜೂರಾಗಿ, ಮಾರ್ಚ್ ಕೊನೆಯ ವಾರಕ್ಕೆ ವಾಯಿದೆ ಸಿಕ್ಕಿತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಜುಲೈನಲ್ಲಿ ತಂದೆಯವರಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು.

ಅನಂತರ ಅವರ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಪಡೆದು ನಾನೇ ಕಟಕಟೆ ಹತ್ತಿದೆ. ಆದರೆ ಅದನ್ನು ಕೊಟ್ಟವರಿಗೆ ಮಾತ್ರ ಸ್ವತಃ ತಿಳಿದಿರುವ ಸಂಗತಿಗಳ ಬಗ್ಗೆ ಅಧಿಕಾರಪತ್ರ ಪಡೆದವರು ಅವರ ಬದಲಿಗೆ ಸಾಕ್ಷ್ಯ ನುಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲೇ ತೀರ್ಪು ನೀಡಿದೆ. ಬದುವಿನ ಮೇಲೆ ತೆಂಗಿನ ಸಸಿಗಳನ್ನು ನೆಟ್ಟವರು ಯಾರು, ಆಗ ಗಡಿಕಲ್ಲು ಎಲ್ಲಿತ್ತು ಎಂದು ಎದುರು ವಕೀಲರು ಕೇಳಿದಾಗ, ತಂದೆಯವರು ಹೇಳಿದ್ದನ್ನು ಕೇಳಿ ಬಲ್ಲೆ ಎನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನಾಗ ಹುಟ್ಟಿಯೇ ಇರಲಿಲ್ಲ. ಕೊನೆಗೆ ಐದು ಗುಂಟೆ ಬಿಟ್ಟುಕೊಟ್ಟು ರಾಜಿಯಾದೆವು. ಆ ಐದು ಗುಂಟೆಯಲ್ಲಿ ಆ ತೆಂಗಿನ ಮರಗಳೂ ಹೋದವು. ತಂದೆಯವರು ರಾಜಿ ಪತ್ರಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದ ಮೇಲೆ ಆ ಶಾಯಿಯನ್ನು ಪಂಚೆಯ ಅಂಚಿಗೆ ಬಹಳ ಹೊತ್ತು ಒರೆಸುತ್ತಲೇ ಇದ್ದರು.

ಆದ್ದರಿಂದ ನೆನಪಿನ ಶಕ್ತಿಯ ವಿಚಾರವನ್ನು ದಯವಿಟ್ಟು ಬಿಟ್ಟುಬಿಡಿ. ನನ್ನ ನೆನಪು ಚೆನ್ನಾಗಿಯೇ ಇದೆ. ಹತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳ ಹೆಸರುಗಳನ್ನು ಇಂದಿಗೂ ಹೇಳಬಲ್ಲೆ. ಕಲಿತದ್ದನ್ನು ಸ್ಮರಿಸುವುದೂ ಮುಂದೆ ಮಾಡಬೇಕಾದುದನ್ನು ಹೊತ್ತಿಗೆ ಸರಿಯಾಗಿ ನೆನೆಯುವುದೂ ಬೇರೆ ಬೇರೆ ಎಂದು ಮನಃಶಾಸ್ತ್ರ ಹೇಳುತ್ತದೆ. ಎರಡನೆಯದಕ್ಕೆ ಎಚ್ಚರಿಸುವ ಗುರುತೊಂದು ಸರಿಯಾದ ಹೊತ್ತಿಗೆ ಕಣ್ಣಿಗೆ ಬೀಳಬೇಕು. ಯಾವ ಆ್ಯಪ್ ಎಂಬುದೂ ಮುಖ್ಯವಲ್ಲ. ನೀವು ತೆರೆದು ನೋಡದ ಆ್ಯಪ್ ನಮ್ಮ ಮನೆಯ ನವೆಂಬರ್ ಹಾಳೆಯಂತೆಯೇ.

ನಾನು ಈಗ ಒಂದೇ ಪುಸ್ತಕ ಇಟ್ಟುಕೊಂಡಿದ್ದೇನೆ. ಕೆಲಸವಿರುವ ದಿನಕ್ಕೆ ಮಾತ್ರವಲ್ಲ, ಅದರ ತಯಾರಿ ಶುರುವಾಗಬೇಕಾದ ದಿನಕ್ಕೂ ಬರೆಯುತ್ತೇನೆ: ಎಂಟು ದಿನ ಮೊದಲು ‘ಪತ್ರಗಳನ್ನು ತೆಗೆದಿಡು’, ಹಿಂದಿನ ದಿನ ‘ಊರಿಗೆ ಹೋಗು’. ಭಾನುವಾರ ಸಂಜೆಯ ಕಾಫಿ ಆದ ಕೂಡಲೇ ಮುಂದಿನ ಎರಡು ವಾರಗಳ ಪುಟಗಳನ್ನು ಓದುತ್ತೇನೆ. ಕಾಫಿಗೆ ಇದನ್ನು ಜೋಡಿಸಿದ್ದಕ್ಕೆ ಕಾರಣವಿದೆ. ‘ಇಂಥ ಸಂದರ್ಭ ಬಂದರೆ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಟ್ಟ ಸಂಕಲ್ಪವು ಬರಿಯ ಸಂಕಲ್ಪಕ್ಕಿಂತ ಹೆಚ್ಚು ಕೈಗೂಡುತ್ತದೆಂದು ಪೀಟರ್ ಗಾಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1999ರ ಲೇಖನವೊಂದರಲ್ಲಿ ತೋರಿಸಿದ್ದಾರೆ. ನನ್ನ ಅನುಭವದಲ್ಲಿ ಅದು ಸತ್ಯ. ಎಲ್ಲಕ್ಕಿಂತ ಹೆಚ್ಚಾಗಿ, ತಾರೀಖನ್ನು ಇನ್ನೊಬ್ಬರಿಗೆ ಹೇಳಿಡಿ. ನಾಲ್ಕನೇ ತಾರೀಖು ಸೋಮವಾರ ಎಂದು ಹೇಳಿದ್ದರೆ ತಂದೆಯವರು ಭಾನುವಾರವೇ ಫೋನ್ ಮಾಡಿ ನನ್ನನ್ನು ಎಬ್ಬಿಸುತ್ತಿದ್ದರು. ನ್ಯಾಯಾಲಯದ ವ್ಯವಹಾರವಿರುವವರು ತಮ್ಮ ಪ್ರಕರಣದ ಗುರುತಾದ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ನ್ಯಾಯಾಲಯಗಳ ಆನ್‌ಲೈನ್ ಸೇವೆಯಾದ ಇ-ಕೋರ್ಟ್ಸ್‌ನಲ್ಲಿ ಮುಂದಿನ ವಾಯಿದೆಯನ್ನು ಮನೆಯವರೆಲ್ಲರೂ ನೋಡಬಹುದು.

ನಿಮ್ಮ ಸಂದರ್ಶನದ ವಿಷಯಕ್ಕೆ ಬಂದರೆ, ಇಂದೇ ಆ ಸಂಸ್ಥೆಯವರಿಗೆ ಬರೆಯಿರಿ. ಜ್ವರವೆಂದು ಹೇಳಬೇಡಿ, ದಿನಾಂಕ ತಪ್ಪಿತೆಂದೇ ಹೇಳಿ, ಇನ್ನೊಂದು ದಿನ ಸಾಧ್ಯವೇ ಎಂದು ಕೇಳಿ. ಕೊಟ್ಟರೆ ಆ ತಾರೀಖನ್ನು ಮೊದಲು ನಿಮ್ಮ ಮನೆಯವರಿಗೆ ಹೇಳಿ, ಆಮೇಲೆ ಬರೆದುಕೊಳ್ಳಿ.