ಎಷ್ಟು ಮೀಟರ್ ಆಳ ಎಂದು ಕೇಳಬೇಡಿ

ಪ್ರಶ್ನೆ: ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಕಲ್ಲಿದ್ದಲು ಪದರದಿಂದ ಮೀಥೇನ್ ಅನ್ನುವ ಉರಿಯುವ ಗ್ಯಾಸ್ ತೆಗೆಯುತ್ತಾರೆ. ಅಷ್ಟೇ ಆಳದ, ಅಷ್ಟೇ ದಪ್ಪದ ಪದರ ಇದ್ದರೂ ಬೇರೆ ಕಡೆ ಗ್ಯಾಸ್ ಸಿಗುವುದಿಲ್ಲ, ಯಾಕೆ? ಎಷ್ಟು ಮೀಟರ್ ಕೊರೆಯಬೇಕು?

ಉತ್ತರ: ಈ 'ಎಷ್ಟು ಮೀಟರ್' ಕೇಳಿ ಕೇಳಿ ಸಾಕಾಗಿದೆ. ಪದರ ಈಗ ಎಲ್ಲಿದೆ ಅನ್ನುವುದಕ್ಕಿಂತ ಹಿಂದೆ ಎಷ್ಟು ಆಳಕ್ಕೆ ಹೋಗಿ ಬಂತು ಅನ್ನುವುದು ಮುಖ್ಯ.

ರಾಣಿಗಂಜ್ ಇರುವ ದಾಮೋದರ ಕಣಿವೆಯನ್ನೇ ನೋಡಿ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಅಲ್ಲಿ ನೆಲ ಎಳೆತಕ್ಕೆ ಸಿಕ್ಕಿ ಸೀಳಿತು. ಅದೇ ಕಣಿವೆಯ ಝರಿಯಾದಲ್ಲಿ ದಕ್ಷಿಣದ ಅಂಚಿನ ದೊಡ್ಡ ಫಾಲ್ಟ್ (ನೆಲ ಸೀಳಿ ಜಾರಿದ ಬಿರುಕು) ಗುಂಟ ಕುಸಿಯುತ್ತಲೇ ಹೋಯಿತು. ಕುಸಿದ ಜಾಗದಲ್ಲಿ ಜೌಗುಕಾಡಿನ ಗಿಡಮರ ಬಿದ್ದು ತುಂಬಿತು, ಮೇಲೆ ಮರಳು ಕೂತಿತು. ಆಳಕ್ಕಿಳಿದಂತೆ ಬಿಸಿ ಏರಿತು. ಆ ಬಿಸಿಗೆ ಕಲ್ಲಿದ್ದಲು ಬಲಿತು ಮೀಥೇನ್ ಬಿಟ್ಟಿತು. ನೆಲ ಅಷ್ಟು ಕುಸಿಯದ ಕಡೆ ಕಲ್ಲಿದ್ದಲು ಎಳಸಾಗಿಯೇ ಉಳಿಯುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸುಮಾರು 11 ಕೋಟಿ ವರ್ಷಗಳ ಹಿಂದೆ ಕರಗಿದ ಕಲ್ಲು ಕೆಳಗಿನಿಂದ ಪದರಗಳೊಳಗೆ ನುಗ್ಗಿತು. ಅದು ತಾಗಿದ ಕಲ್ಲಿದ್ದಲು ಬೆಂದು ಬೂದು ಬಣ್ಣದ ಗಟ್ಟಿ ಕೋಕ್ ಆಯಿತು. ಗಣಿಯವರು ಅದನ್ನು ಝಾಮಾ ಅಂತಾರೆ.

ಗ್ಯಾಸ್ ಹುಟ್ಟಿದರೆ ಸಾಲದು, ನಿಲ್ಲಬೇಕು. ಅದು ಕಲ್ಲಿದ್ದಲಿನ ಒಳಮೈಗೆ ಅಂಟಿಕೊಂಡಿರುತ್ತದೆ. ಹಿಡಿದಿಡುವುದು ಒತ್ತಡ. ನೆಲ ಮೇಲೆದ್ದು, ಮೇಲಿನ ಕಲ್ಲು ಸವೆದರೆ ಒತ್ತಡ ಇಳಿಯುತ್ತದೆ, ದಾರಿ ಸಿಕ್ಕರೆ ಗ್ಯಾಸ್ ಹೊರಡುತ್ತದೆ. ಬಾಯಿ ತೆರೆದ ಫಾಲ್ಟ್ ಇದ್ದರಂತೂ ಕೇಳಲೇಬೇಡಿ. ನೆಲ ಹಿಂಡಿದ ಕಡೆ ಇದರ ತಿರುಗುಮುರುಗು: ಚೀನಾದ ಹುವಾಯ್‌ನಾನ್‌ನಲ್ಲಿ ಕಲ್ಲಿದ್ದಲು ಪುಡಿಪುಡಿಯಾಗಿದೆ. ಗ್ಯಾಸ್ ಬೇಕಾದಷ್ಟಿದೆ, ಬಾವಿಗೆ ಸುಲಭವಾಗಿ ಬರುವುದಿಲ್ಲ. ಗಣಿ ತೋಡುವಾಗ ಮಾತ್ರ ಕಲ್ಲಿದ್ದಲಿನ ಸಮೇತ ಸಿಡಿದು ಜನರನ್ನು ಕೊಲ್ಲುತ್ತದೆ.

ನಮಗೆ ಬೇಕಾದದ್ದು ಹದವಾದ ಬಿರುಕು. ಒಳ್ಳೆಯ ಕಲ್ಲಿದ್ದಲಿನ ತುಂಡು ಕೈಗೆ ತಗೊಳ್ಳಿ. ಎರಡು ದಿಕ್ಕಿಗೆ ಕೂದಲೆಳೆಯಂಥ ಸೀಳುಗಳಿರುತ್ತವೆ, ಒಡೆದರೆ ಚೌಕ ಚೌಕವಾಗಿ ಬಿಡುತ್ತದೆ. ಇವೇ ಕ್ಲೀಟ್, ಗ್ಯಾಸ್ ಬಾವಿಗೆ ಬರುವ ದಾರಿ. ಕೊರೆದು ಆಗಷ್ಟೇ ಮೇಲೆ ತಂದ ಒದ್ದೆ ಕೋರ್‌ನಲ್ಲಿ (ಕಲ್ಲಿದ್ದಲಿನ ಉದ್ದ ತುಂಡು) ಗುಳ್ಳೆಗಳು ಈ ಗೆರೆಗಳ ಮೇಲೇ ಸಾಲಾಗಿ ಏಳುತ್ತವೆ. ಅದನ್ನು ಕಂಡಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ರಾಯಚೂರಿನಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದೆ. ಅಲ್ಲಿ ನೆಲದಡಿ ಈ ಗ್ಯಾಸ್ ಇರಬೇಕಲ್ವಾ?

ಇಲ್ಲ. ಅಲ್ಲಿಗೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಅಲ್ಲಿನ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಮರವೇ ಇರಲಿಲ್ಲ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ನೀರು ತೋರಿಸುವವರು ಗ್ಯಾಸನ್ನೂ ತೋರಿಸುತ್ತಾರಂತೆ?

ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ನೀರಿಗೂ ಅವರನ್ನು ಕರೆಯಬೇಡಿ.

ಪ್ರಶ್ನೆ: ಬೋರ್‌ವೆಲ್ ನೀರಿನಲ್ಲಿ ಗುಳ್ಳೆ ಬರುತ್ತಿದೆ. ಮೀಥೇನ್ ಇರಬಹುದಾ?

ಗುಳ್ಳೆ ನೋಡಿ ಹೇಳಲು ಆಗದು, ಬರೀ ಗಾಳಿಯೂ ಇರಬಹುದು. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾತ್ರ ಮಾಡಬೇಡಿ. ಪಂಪ್‌ಮನೆಯ ಬಾಗಿಲು ತೆರೆದಿಡಿ, ಅಲ್ಲಿ ಬೀಡಿ ಹಚ್ಚಬೇಡಿ, ಲ್ಯಾಬ್‌ನವರನ್ನು ಕರೆಸಿ ಮಾದರಿ ತೆಗೆಸಿ.