ಬಳ್ಳಾರಿ ಮಾತಿನವರಿಗೆ ಸೀರಿಯಲ್‌ನಲ್ಲಿ ಪಾತ್ರ ಸಿಗುತ್ತಾ?

‘ನಾನು ಸಿರುಗುಪ್ಪದವನು. ಸೀರಿಯಲ್ ನಟ ಆಗಬೇಕು, ನನ್ನ ಮಾತಿನ ಧಾಟಿ ಅಡ್ಡ ಬರುತ್ತಾ?’ ಎಂದು ಕೇಳಿದ್ದೀರಿ. ಶುರುವಿನಲ್ಲಿ ಬರುತ್ತದೆ. ನಾನೂ ಬಳ್ಳಾರಿ ಕಡೆಯವನೇ. ಸೀರಿಯಲ್‌ಗಳಲ್ಲಿ ಪೋಷಕ ಪಾತ್ರ ಮಾಡಿಕೊಂಡು ಮನೆ ನಡೆಸುತ್ತಿದ್ದೇನೆ.

ನಮ್ಮಪ್ಪ ಊರ ಬಯಲಲ್ಲಿ ಆಡುವ ಜನಪದ ನಾಟಕ ದೊಡ್ಡಾಟದಲ್ಲಿ ದುರ್ಯೋಧನ. ಸುಗ್ಗಿ ಮುಗಿದ ಮೇಲೆ ತಾಲೀಮು ಶುರು. ಆಟದ ರಾತ್ರಿ ಅಪ್ಪ ಬಣ್ಣ ಹಚ್ಚಿಕೊಳ್ಳುವಾಗ ಕನ್ನಡಿ ಹಿಡಿದು ನಿಲ್ಲುವುದು ನನ್ನ ಕೆಲಸ. ಹುಬ್ಬು ತೀಡಿ ಮೀಸೆ ಕಟ್ಟಿದರೆ ಮುಗೀತು, ಆಮೇಲೆ ನನ್ನನ್ನು ಮಗನಂತೆ ಮಾತಾಡಿಸುತ್ತಿರಲಿಲ್ಲ. ನನಗೆ ನಟನೆ ಹತ್ತಿದ್ದು ಅಲ್ಲೇ.

ಕಾಲೇಜಿಗೆಂದು ಬಳ್ಳಾರಿಗೆ ಬಂದಾಗ ರಾಘವ ಕಲಾಮಂದಿರದಲ್ಲಿ ನಾಟಕ ನೋಡುವ ಹುಚ್ಚು ಹಿಡಿಯಿತು. ಬಳ್ಳಾರಿ ರಾಘವ (1880–1946) ವಕೀಲಿಕೆ ಮಾಡುತ್ತಲೇ ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ಪಾತ್ರ ಮಾಡಿದವರು. ‘ರಕ್ತರಾತ್ರಿ’ ನಾಟಕದ ದ್ರೌಪದಿಯಾಗಿ ಮನೆಮಾತಾದ ಸುಭದ್ರಮ್ಮ ಮನ್ಸೂರು ಕೂಡ ನಮ್ಮ ಬಳ್ಳಾರಿಯವರೇ. ಇಂಥ ಊರಿನ ಮಾತಿಗೆ ನಾವು ನಾಚಬೇಕಾ?

ಆದರೂ ಮೊದಲ ಆಡಿಷನ್‌ನಲ್ಲಿ ನಾಚಿದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರಲ್ಲಿ ಇಳಿದಿದ್ದೆ. ‘ಮನೆಗೆ ಹೋಗ್ತೀನಿ’ ಅನ್ನಬೇಕಿತ್ತು. ಮೂರು ಸಲವೂ ‘ಮನಿಗಿ’ ಅಂತಲೇ ಬಾಯಿಗೆ ಬಂತು. ‘ಫೋನ್ ಮಾಡ್ತೀವಿ’ ಅಂದರು. ಮಾಡಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಪೇಪರ್ ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡೆ. ನೀವೂ ಇವತ್ತೇ ಶುರು ಮಾಡಿ.

ಸೆಟ್‌ನಲ್ಲಿ ದೊಡ್ಡಾಟ ಕೈಹಿಡಿಯಿತು. ಸೀನ್ ಪೇಪರ್ ಎಷ್ಟೋ ಸಲ ಶಾಟ್‌ಗೆ ಸ್ವಲ್ಪ ಮೊದಲು ಸಿಗುತ್ತದೆ. ಅಸಿಸ್ಟೆಂಟ್ ಡೈರೆಕ್ಟರ್ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಕೊಡುತ್ತಾರೆ. ಅವರ ಮಾತು ಕಿವಿಗೆ ಬೀಳುತ್ತಿರಬೇಕು, ಕಣ್ಣು ಮಾತ್ರ ಎದುರಿನ ಪಾತ್ರದ ಮೇಲಿಂದ ಕದಲಬಾರದು. ಊರಲ್ಲಿ ದೊಡ್ಡಾಟದ ಮಾಸ್ತರು ಹಿಂದಿನಿಂದ ಮಾತು ಎತ್ತಿಕೊಡುತ್ತಿದ್ದರಲ್ಲ, ಅದೇ ವಿದ್ಯೆ ಇದು. ಕಷ್ಟವಾಗಿದ್ದು ದನಿ. ಬಯಲಿನ ಕೊನೆ ಸಾಲಿಗೂ ಕೇಳಲಿ ಎಂದು ಬೆಳೆಸಿದ ದನಿಯನ್ನು ಎದೆ ಮೇಲಿನ ಪುಟ್ಟ ಮೈಕ್‌ಗೆ ತಗ್ಗಿಸಲು ತಿಂಗಳುಗಳೇ ಬೇಕಾದವು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಪೋಷಕ ಪಾತ್ರಕ್ಕೆ ದಿನದ ಲೆಕ್ಕದಲ್ಲಿ ಸಂಭಾವನೆ. ಅದು ಕೈಗೆ ಬರುವುದು ತಡ. ನಿಮ್ಮ ಟ್ರ್ಯಾಕ್, ಅಂದರೆ ಕಥೆಯಲ್ಲಿ ನಿಮ್ಮ ಪಾತ್ರದ ಭಾಗ, ಯಾವಾಗ ಬೇಕಾದರೂ ಮುಗಿಯಬಹುದು. ಆರು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡು ಬನ್ನಿ. ಪಾತ್ರ ಕೊಡಿಸುತ್ತೇನೆಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಂದು ವರ್ಷ ಬಿಡುವು ಮಾಡಿಕೊಳ್ಳಲು ಆದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿ. 1980ರಿಂದ ಅಲ್ಲಿ ನಟನೆ ಕಲಿಸುತ್ತಿದ್ದಾರೆ.

ಬೆಂಗಳೂರಿನ ಕನ್ನಡ ಕಲಿಯಿರಿ, ಆದರೆ ನಮ್ಮದನ್ನು ಮರೆಯಬೇಡಿ. ಹೋದ ವರ್ಷ ನನಗೆ ಬಳ್ಳಾರಿಯ ಲಾರಿ ಡ್ರೈವರ್ ಪಾತ್ರ ಬಂತು. ‘ಪೇಪರ್ ಬಿಡಿ, ನಿಮ್ಮೂರಲ್ಲಿ ಹೇಗಂತಾರೋ ಹಾಗೇ ಹೇಳಿ’ ಅಂದರು ಡೈರೆಕ್ಟರ್. ‘ಮನಿಗಿ ಹೊಂಟೀನ್ರಿ’ ಅಂದೆ. ಒಂದೇ ಟೇಕ್‌ಗೆ ಓಕೆ ಆಯಿತು.